ಒಬ್ದೂಲಿಯಾಳ ಮಧ್ಯಾಹ್ನಗಳು

ಆ ವರ್ಷ ಕಿತ್ತಳೆ ತೋಟಗಳು ಹೂ ಬಿಟ್ಟಾಗಿನಿಂದ ಒಬ್ದೂಲಿಯಾಳಿಗೆ ಮಧ್ಯಾಹ್ನವಾದರೆ ಸಾಕು, ಮಂಪರು ಹತ್ತುತ್ತಿತ್ತು. ಊಟದ ತಟ್ಟೆಗಳನ್ನು ತೊಳೆದಿಟ್ಟು, ತಾಯಿಯನ್ನು ಒಳಗೆ ಮಲಗಿಸಿ, ಹಿತ್ತಲಿನ ಜಾಲಿ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂತಳೆಂದರೆ ತೋಟದ ಕಡೆಯಿಂದ ಬೆಚ್ಚನೆಯ ಗಾಳಿ ಬರುತ್ತಿತ್ತು. ಗಾಳಿಯ ಜೊತೆ ಹೂವಿನ ವಾಸನೆ. ಆ ವಾಸನೆಯ ಹಿಂದೆಯೇ ನಿಕಾನೋರ್ ಬರುತ್ತಿದ್ದ.

ನಿಕಾನೋರ್ ಅವಳ ಗಂಡ. ಈರುಳ್ಳಿ ಹೊಲದಿಂದ ಕೂಲಿಯವರನ್ನು ಹೊತ್ತು ತರುತ್ತಿದ್ದ ವ್ಯಾನು ಮಗುಚಿ ಅವನು ಸತ್ತು ಕೆಲವು ವರ್ಷಗಳಾಗಿದ್ದವು. ಬದುಕಿದ್ದಾಗ ಸದಾ ಗಡಿಬಿಡಿ ಮಾಡುತ್ತಿದ್ದವನು ಈಗ ಟೊಪ್ಪಿಗೆಯನ್ನು ಮಂಡಿಯ ಮೇಲಿಟ್ಟುಕೊಂಡು ಅವಳ ಎದುರು ಸಾವಕಾಶವಾಗಿ ಕೂರುತ್ತಿದ್ದ. ಆಡುತ್ತಿದ್ದ ಮಾತುಗಳೂ ಅಂಥವೇ. "ಹುಡುಗನಿಗೆ ಬೂಟು ಬಿಗಿಯಾಗಿದೆ, ನೋಡಿದೀಯಾ?" ಅನ್ನುತ್ತಿದ್ದ. ಹುಡುಗ ಎಂದರೆ ಅವರ ಮಗ ಎಲೆಯಾಸರ್; ಅವನಿಗೀಗ ಕಾಲೇಜು ಸೇರಲಿದ್ದ ಮಗಳಿದ್ದಳು. ಆದರೂ ಒಬ್ದೂಲಿಯಾ, "ಶನಿವಾರ ಕೊಡಿಸೋಣ ಬಿಡಿ" ಅನ್ನುತ್ತಿದ್ದಳು.

ಎಚ್ಚರವಾದಾಗ ಗಂಟಲು ಒಣಗಿರುತ್ತಿತ್ತು. ನಲ್ಲಿಗೆ ಬಾಯಿಟ್ಟು ನೀರು ಕುಡಿದರೂ ದಾಹ ಹಿಂಗುತ್ತಿರಲಿಲ್ಲ. ಹಗ್ಗದ ಮೇಲೆ ಒಣಹಾಕಿದ ಬಟ್ಟೆಗಳಿಗೆ ಅಂಚೇ ಇರುತ್ತಿರಲಿಲ್ಲ; ಕೆಂಪು ಅಂಗಿ ನೀಲಿ ಲಂಗದೊಳಕ್ಕೆ ಹರಿದು ಹೋದಂತೆ ಕಾಣುತ್ತಿತ್ತು. ಸಂಜೆ ಬೀದಿ ದೀಪ ಹತ್ತಿದರೆ ಒಂದೊಂದರ ಸುತ್ತಲೂ ಬಣ್ಣದ ಉಂಗುರ. ಅವಳಿಗೆ ಅದು ಕೆಟ್ಟದೆನಿಸಲಿಲ್ಲ.

ಮನೆಯನ್ನು ನಿಕಾನೋರನೇ ಕಟ್ಟಿದ್ದ, ಕೈಯಲ್ಲಿ ಸ್ವಲ್ಪ ಉಳಿದಾಗಲೆಲ್ಲ ಒಂದೊಂದು ಕೋಣೆ. ಟೆಕ್ಸಾಸಿನ ಕೊನೆಯ ತುದಿ; ನದಿ ದಾಟಿದರೆ ಮೆಕ್ಸಿಕೊ. ಡಾಂಬರು ಕಾಣದ ಬೀದಿ, ಬೀದಿಯ ಕೊನೆಗೆ ನೀರಿನ ಕಾಲುವೆ, ಕಾಲುವೆಯಾಚೆ ಯಾರದೋ ಕಿತ್ತಳೆ ತೋಟ. ಎಲೆಯಾಸರ್ ಮನೆಗಳಿಗೆ ಚಾವಣಿ ಹೊದಿಸುವ ಕೆಲಸ ಮಾಡುತ್ತಿದ್ದ. ಸೊಸೆ ಮರಿಸೇಲಾ ಪಟ್ಟಣದಲ್ಲಿ ಹಾಸಿಗೆ ಹಿಡಿದ ಮುದುಕಿಯೊಬ್ಬಳನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದಳು. ಮೊಮ್ಮಗಳು ಇತ್ಸೆಲ್ ಹೈಸ್ಕೂಲಿನ ಕೊನೆಯ ವರ್ಷ. ಮನೆಗೆಲ್ಲ ಹಿರಿಯಳು ಒಬ್ದೂಲಿಯಾಳ ತಾಯಿ ಚೆಂಚಾ. ಎರಡೂ ಕಣ್ಣು ಹೋಗಿದ್ದವು, ನಾಲಿಗೆ ಮಾತ್ರ ಚುರುಕಾಗಿತ್ತು.

ಒಂದು ಮಧ್ಯಾಹ್ನ ಒಲೆಯ ಮೇಲೆ ಬೀನ್ಸ್ ಕಾಳು ಬೇಯಲಿಟ್ಟು ಒಬ್ದೂಲಿಯಾ ಹಿತ್ತಲಿಗೆ ಬಂದಳು. ನಿಕಾನೋರ್ ಏನೋ ಹೇಳುತ್ತಿದ್ದ. ಅವನ ದನಿ ಇದ್ದಕ್ಕಿದ್ದಂತೆ ತಾಯಿಯ ದನಿಯಾಯಿತು.

"ಏ ಒಬ್ದೂಲಿಯಾ, ಸುಡ್ತಿರೋದು ಬೀನ್ಸೋ ಮನೆಯೋ, ಅಷ್ಟು ಹೇಳು. ಮನೆಯಾದ್ರೆ ಚಪ್ಪಲಿ ಹಾಕ್ಕೋತೀನಿ."

ಅಡುಗೆಮನೆ ತುಂಬ ಹೊಗೆ. ಮಣ್ಣಿನ ಪಾತ್ರೆಯ ತಳ ಕಪ್ಪಾಗಿ ಸೀಳು ಬಿಟ್ಟಿತ್ತು. ಸಂಜೆ ಮರಿಸೇಲಾ ಬಂದವಳೇ ಪಾತ್ರೆ ನೋಡಿದಳು, ಅತ್ತೆಯ ಮುಖ ನೋಡಿದಳು.

"ಅತ್ತೆ, ಮಾತ್ರೆ ತಗೊಂಡ್ರಾ?"

"ತಗೊಂಡೆ."

"ಯಾವಾಗ?"

"ತಗೊಂಡಾಗ."

ಮರಿಸೇಲಾ ಚೀಲದಿಂದ ರಕ್ತ ಪರೀಕ್ಷೆಯ ಪುಟ್ಟ ಯಂತ್ರ ತೆಗೆದಳು. ಒಬ್ದೂಲಿಯಾಳಿಗೆ ಸಕ್ಕರೆ ಕಾಯಿಲೆ ಹೊಸದಲ್ಲ. ವರ್ಷಗಟ್ಟಲೆ ಮಾತ್ರೆ ನುಂಗಿದ್ದಳು, ಈಚೆಗೆ ನೆನಪಾದಾಗ ನುಂಗುತ್ತಿದ್ದಳು. ಬೆರಳು ಚುಚ್ಚಿ ರಕ್ತದ ಹನಿ ಮುಟ್ಟಿಸಿದರೆ ಯಂತ್ರದಲ್ಲಿ ಅಂಕಿಯೇ ಬರಲಿಲ್ಲ. ಎರಡು ಇಂಗ್ಲಿಷ್ ಅಕ್ಷರ ಮೂಡಿದವು. ಇತ್ಸೆಲ್ ಬಗ್ಗಿ ನೋಡಿದಳು.

"ಅಜ್ಜಿಗೆ ಹಾಯ್ ಅಂತಿದೆ."

"ಹಾಯ್ ಅಲ್ಲ ಅದು," ಎಂದಳು ಮರಿಸೇಲಾ. "ಹೈ. ಲೆಕ್ಕಕ್ಕೆ ಸಿಗದಷ್ಟು ಮೇಲಿದೆ ಅಂತ. ಚಪ್ಪಲಿ ಹಾಕ್ಕೊಳಿ ಅತ್ತೆ, ಹೊರಡೋಣ."

ಆಸ್ಪತ್ರೆಯಲ್ಲಿ ಡ್ರಿಪ್ಸ್ ಹಾಕಿದರು. ಮಾರನೆಯ ದಿನ ಡಾಕ್ಟರಮ್ಮ ಮಂಚದ ಪಕ್ಕ ಕೂತು, ಬರೀ ಮಾತ್ರೆ ಇನ್ನು ಸಾಲದು, ದಿನಾ ಇನ್ಸುಲಿನ್ ಸೂಜಿ ಹಾಕಿಕೊಳ್ಳಬೇಕು ಎಂದು ನಿಧಾನವಾಗಿ ಹೇಳಿದರು. ಒಬ್ದೂಲಿಯಾ ಎಲ್ಲದಕ್ಕೂ ತಲೆಯಾಡಿಸಿದಳು. ಕಾರು ಹತ್ತಿದ ಮೇಲೆ, "ಸೂಜಿ ಬೇಡ" ಎಂದಳು.

"ಅಲ್ಲಿ ಸರಿ ಅಂದ್ರಿ."

"ಪಾಪ, ಆ ಹುಡುಗಿ ಅಷ್ಟು ಮರ್ಯಾದೆಯಿಂದ ಹೇಳಿದ್ಳು, ಎದುರಿಗೆ ಹೇಗೆ ಇಲ್ಲ ಅನ್ನೋದು? ನಮ್ಮಮ್ಮನ ಕಣ್ಣು ತಿಂದದ್ದು ಅದೇ ಸೂಜಿ. ಊರಿಗೆಲ್ಲ ಗೊತ್ತು."

ಆ ವಾರ ಅಡುಗೆಮನೆ ಮರಿಸೇಲಾಳ ಕೈಗೆ ಹೋಯಿತು. ಹಂದಿ ಕೊಬ್ಬಿನ ಡಬ್ಬಿ ಮಾಯವಾಯಿತು. ಒಬ್ದೂಲಿಯಾ ಬೆಳಿಗ್ಗೆ ಎದ್ದು ತಟ್ಟುತ್ತಿದ್ದ ಮೈದಾ ಟೋರ್ಟಿಯಾ ರೊಟ್ಟಿಗಳ ಜಾಗಕ್ಕೆ ಅಂಗಡಿಯ ಮೆಕ್ಕೆಜೋಳದ ಟೋರ್ಟಿಯಾ ಬಂತು, ಅದೂ ತಟ್ಟೆಗೆ ಎರಡೇ. ಕೋಲಾ ಬಾಟಲಿಗಳ ಜಾಗದಲ್ಲಿ ನೀರು. ಮೊದಲು ರೇಗಿದವನು ಎಲೆಯಾಸರ್.

"ಇಡೀ ದಿನ ಬಿಸಿಲಲ್ಲಿ ಚಾವಣಿ ಮೇಲೆ ಬೇಯ್ತೀನಿ ನಾನು. ಮನೆಗೆ ಬಂದ್ರೆ ಕಾಯಿಲೆಯವರ ಊಟ."

"ಕಾಯಿಲೆಯವರು ಇದ್ದಾರಲ್ಲ ಮನೇಲಿ."

"ಅಮ್ಮನಿಗೆ ಬೇರೆ ಮಾಡು. ನಮಗ್ಯಾಕೆ?"

"ನಿನ್ನ ತಟ್ಟೇಲಿ ಬೆಣ್ಣೆ ಕರಗ್ತಿದ್ರೆ ಅವ್ರು ನೀರು ಕುಡ್ಕೊಂಡು ಕೂರ್ಬೇಕಾ? ಹೇಳು, ನೀನೇ ಬಡಿಸು ಹಾಗೆ."

ಒಬ್ದೂಲಿಯಾ ತಟ್ಟೆ ದೂಡಿದಳು. "ನನ್ನ ಕೈ ಅಡುಗೆ ಉಂಡು ಇವನು ಇಷ್ಟೆತ್ತರ ಬೆಳೆದ. ಈಗ ನನ್ನ ಅಡುಗೆ ವಿಷ ಆಯ್ತು. ಪೊಲೀಸಿನವಳ ಹಾಗೆ ಡಬ್ಬಿ ಡಬ್ಬಿ ತೆಗೆದು ನೋಡ್ತಾಳೆ."

ಮರಿಸೇಲಾ ಸೌಟು ಕೆಳಗಿಟ್ಟಳು. "ಕೆಲಸದ ಮನೇಲಿ ಆ ಮುದುಕಿ ನನ್ನನ್ನ ಮಗಳೇ ಅಂತ ಕರೀತಾಳೆ ಅತ್ತೆ. ಸ್ನಾನ ಮಾಡಿಸ್ತೀನಿ, ಸೂಜಿ ಹಾಕ್ತೀನಿ, ಮಾತಿಲ್ಲದೆ ಹಾಕಿಸ್ಕೋತಾಳೆ. ಮನೆಗೆ ಬಂದ್ರೆ ನಾನು ಪೊಲೀಸಿನವಳು."

ಮೂಲೆಯಿಂದ ಚೆಂಚಾ, "ಜಗಳ ಮುಗೀತಾ? ನನ್ನ ಸಿಹಿ ಬನ್ನು ಎಲ್ಲಿ?" ಎಂದಳು.

ಚೆಂಚಾಳ ಪ್ರಕಾರ ಮಗಳಿಗೆ ಹಿಡಿದಿದ್ದು ಸಕ್ಕರೆಯಲ್ಲ, ದಿಗಿಲು. ವ್ಯಾನು ಮಗುಚಿದ ಸುದ್ದಿ ತಂದವನು ಬಾಗಿಲು ಬಡಿದಾಗ ಹೊಕ್ಕ ದಿಗಿಲು ಇನ್ನೂ ಮೈಬಿಟ್ಟು ಹೋಗಿಲ್ಲ ಎನ್ನುತ್ತಿದ್ದಳು. ಒಂದು ಭಾನುವಾರ ಮಗಳನ್ನು ಮುಂದೆ ಕೂರಿಸಿಕೊಂಡು, ಹಸಿ ಮೊಟ್ಟೆಯಿಂದ ತಲೆಯಿಂದ ಪಾದದವರೆಗೆ ನಿವಾಳಿಸಿ, ಪ್ರಾರ್ಥನೆ ಗೊಣಗಿ, ಮೊಟ್ಟೆಯನ್ನು ನೀರಿನ ಲೋಟಕ್ಕೆ ಒಡೆದಳು.

"ಇತ್ಸೆಲ್, ನೋಡಿ ಹೇಳೇ. ಏನು ಕಾಣುತ್ತೆ?"

"ಮೊಟ್ಟೆ ಕಾಣುತ್ತೆ ಮುತ್ತಜ್ಜಿ."

"ಅಯ್ಯೋ ಇವಳ. ಓದಿಸಿದ್ದು ದಂಡ."

ಒಬ್ದೂಲಿಯಾಳಿಗೂ ನಗು ಬಂತು. ನಗುತ್ತಲೇ ಕಣ್ಣಲ್ಲಿ ನೀರಾಡಿತು. ತಾಯಿಯ ಕೈ ಮೈಮೇಲೆ ಹರಿದಾಡಿದ್ದು ಹಿತವಾಗಿತ್ತು.

ಕೊನೆಗೆ ಮರಿಸೇಲಾ ಅವಳನ್ನು, ಎಲ್ಲರೂ ಮರ್ಯಾದೆಗೆ ದೋನ್ಯಾ ಎಂದು ಕರೆಯುತ್ತಿದ್ದ ಎರ್ಲಿಂದಾಳ ಗ್ಯಾರೇಜಿಗೆ ಕರೆದುಕೊಂಡು ಹೋದಳು. ಎರ್ಲಿಂದಾ ಅದೇ ಕಾಲೊನಿಯವಳು, ಆರೋಗ್ಯ ಇಲಾಖೆಯವರು ತರಬೇತಿ ಕೊಟ್ಟು ಕೂರಿಸಿದ ಕಾರ್ಯಕರ್ತೆ. ಅವಳಿಗೂ ಇದೇ ಕಾಯಿಲೆ. ಗುರುವಾರ ಸಂಜೆ ಅವಳ ಗ್ಯಾರೇಜಿನಲ್ಲಿ ಹೆಂಗಸರು ಸೇರುತ್ತಿದ್ದರು. ಎರ್ಲಿಂದಾ ಭಾಷಣ ಮಾಡಲಿಲ್ಲ. ಪಾಪಾಸುಕಳ್ಳಿಯ ಎಳೆ ಎಲೆಗಳ ಮುಳ್ಳು ಸವರುತ್ತ, "ನಿಮ್ಮಜ್ಜಿ ಇದನ್ನ ಹೇಗೆ ಮಾಡ್ತಿದ್ರು?" ಎಂದು ಒಬ್ಬೊಬ್ಬರನ್ನೇ ಕೇಳಿದಳು. ಒಬ್ಬೊಬ್ಬರದು ಒಂದೊಂದು ಬಗೆ. ಟೊಮೇಟೊ ಜೊತೆ, ಮೊಟ್ಟೆ ಜೊತೆ, ಕೆಂಡದ ಮೇಲೆ ಸುಟ್ಟು. ಮಾತು ಬಿಸಿಯೇರಿ ಯಾರ ಅಜ್ಜಿ ಹೆಚ್ಚು ಎಂಬ ವಾದಕ್ಕೆ ಹೋಯಿತು. ಊಟದ ಅಳತೆ, ಕಾಲಿನ ಗಾಯ, ಸೂಜಿಯ ಭಯ, ಎಲ್ಲ ಮಾತು ಈ ಗದ್ದಲದ ನಡುವೆಯೇ ಬಂದು ಹೋದವು.

"ನಿಮಗೆ ಯಾವುದು ಕಷ್ಟ ಆಗ್ತಿದೆ, ದೋನ್ಯಾ ಒಬ್ದೂಲಿಯಾ?" ಎಂದಳು ಎರ್ಲಿಂದಾ.

ಯಾಕೆ ಹೇಳಿದಳೋ, ಒಬ್ದೂಲಿಯಾ ಹೇಳಿಬಿಟ್ಟಳು. "ಕಷ್ಟ ಏನಿಲ್ಲ. ಮಧ್ಯಾಹ್ನ ನಿದ್ದೆ ಬರುತ್ತೆ. ನಿದ್ದೇಲಿ ನಮ್ಮನೆಯವರು ಬರ್ತಾರೆ."

ಮರಿಸೇಲಾ ತಿರುಗಿ ನೋಡಿದಳು. ಆ ಮಾತು ಅವಳಿಗೂ ಹೊಸದು. ಯಾರೂ ನಗಲಿಲ್ಲ. ಮೂಲೆಯಲ್ಲಿ ಕೂತಿದ್ದ ಔಸೆನ್ಸಿಯಾ ಎಂಬ ವಿಧವೆ ಕಾಗದದ ಲೋಟವನ್ನು ಕೈಯಲ್ಲಿ ತಿರುಗಿಸುತ್ತ, "ನಮ್ಮನೆಯವರೂ ಬರ್ತಿದ್ರು," ಎಂದಳು. "ಸಕ್ಕರೆ ಇಳಿದ ಮೇಲೆ ಬರೋದು ಬಿಟ್ರು."

ಮುಂದಿನ ಗುರುವಾರ ಒಬ್ದೂಲಿಯಾ ತಲೆನೋವು ಎಂದಳು. ಅದರ ಮುಂದಿನ ವಾರ ಮಂಡಿನೋವು. ಮಾತ್ರೆಯನ್ನು ಮರಿಸೇಲಾಳ ಎದುರೇ ಬಾಯಿಗೆ ಹಾಕಿಕೊಂಡು, ಆಮೇಲೆ ಹಿತ್ತಲಿನಲ್ಲಿ ಉಗುಳಿದಳು. ಮನೆ ಖಾಲಿಯಾದ ಮೇಲೆ, ಈ ವಯಸ್ಸಲ್ಲಿ ಬೇಡವೆನ್ನಲಾಗದೆ ತಾಯಿಗೆಂದು ತಂದಿಟ್ಟ ಸಿಹಿ ಬನ್ನಿನಲ್ಲಿ ಒಂದನ್ನು ತಿಂದಳು, ಎಲೆಯಾಸರ್ ಟ್ರಕ್ಕಿನಲ್ಲಿ ಬಚ್ಚಿಟ್ಟುಕೊಂಡಿದ್ದ ಕೋಲಾ ಕುಡಿದಳು. ಹಾಗೆ ಮಾಡಿದರೆ ಮಂಪರು ಬೇಗ ಬರುತ್ತದೆ ಎಂದು ಅವಳು ಕಂಡುಕೊಂಡಿದ್ದಳು. ಆ ಮಧ್ಯಾಹ್ನಗಳು ಜೇನಿನ ಹಾಗೆ ಮಂದವಾಗಿ ಹರಿದವು. ತೋಟದ ಹೂ ಉದುರತೊಡಗಿತ್ತು. ಗಾಳಿ ಬೀಸಿದರೆ ಬೀದಿಯ ಧೂಳಿನಲ್ಲೂ ಬಿಳಿ ಎಸಳು. ನಿಕಾನೋರ್ ಮೊದಲಿಗಿಂತ ಹೆಚ್ಚು ಹೊತ್ತು ಕೂರುತ್ತಿದ್ದ. ಒಮ್ಮೆ ಅವನ ಮುಖ ನೋಡಬೇಕೆಂದು ಬಗ್ಗಿದಳು. ಟೊಪ್ಪಿಗೆ ಕಂಡಿತು, ಕೈ ಕಂಡಿತು, ಮುಖವಿರುವ ಕಡೆ ಬೆಳಕಷ್ಟೇ ಇತ್ತು. ಅವಳು ಅದನ್ನು ಹೆಚ್ಚು ಯೋಚಿಸಲಿಲ್ಲ.

ಈಸ್ಟರಿನ ಹಿಂದಿನ ವಾರ. ಒಬ್ದೂಲಿಯಾ ಕಣ್ಣು ಬಿಟ್ಟಾಗ ನೆರಳು ಮರದಿಂದ ಬೇಲಿಯವರೆಗೆ ಚಾಚಿತ್ತು. ಒಳಗೆ ಹೋದಳು. ತಾಯಿಯ ಮಂಚ ಖಾಲಿ. ಬಚ್ಚಲಲ್ಲಿ ಇಲ್ಲ, ಪಕ್ಕದ ಮನೆಯಲ್ಲಿ ಇಲ್ಲ. ಮುಂಬಾಗಿಲು ತೆರೆದಿತ್ತು.

ಬೀದಿಯ ಆ ಕೊನೆಯಲ್ಲಿ ಕಾಲುವೆ. ಒಬ್ದೂಲಿಯಾ ಓಡಿದಳು. ಓಡಲು ಕಾಲು ಏಳಲಿಲ್ಲ, ನೀರಿನಲ್ಲಿ ನಡೆದಂತಾಯಿತು. ತಾಯಿ ಬಿಳಿ ರವಿಕೆ ತೊಟ್ಟಿದ್ದಳು. ಈಗ ಎಲ್ಲವೂ ಬಿಳಿ. ತೋಟದ ನೆಲ ಬಿಳಿ, ಬೇಲಿಗೆ ಸಿಕ್ಕಿದ ಪ್ಲಾಸ್ಟಿಕ್ ಚೀಲ ಬಿಳಿ, ಹಾರಿ ಹೋದ ಕೊಕ್ಕರೆ ಬಿಳಿ. ಪ್ರತಿಯೊಂದನ್ನೂ ಅಮ್ಮ ಎಂದುಕೊಂಡು ಹತ್ತಿರ ಹೋದಳು, ಪ್ರತಿಯೊಂದೂ ಅಮ್ಮನಾಗಿರಲಿಲ್ಲ. ಕಾಲುವೆಯ ನೀರು ಸದ್ದಿಲ್ಲದೆ ಹೊಳೆಯುತ್ತಿತ್ತು. ಅದರೊಳಗೆ ಏನಿದ್ದರೂ ಅವಳ ಕಣ್ಣಿಗೆ ಕಾಣುವಂತಿರಲಿಲ್ಲ.

"ಅಮ್ಮಾ," ಎಂದು ಕೂಗಿದಳು.

"ಇಲ್ಲಿದೀನಿ. ಯಾಕೆ ಹಾಗೆ ಅರಚ್ತೀಯ?"

ದನಿ ಕಾಲಬುಡದಿಂದಲೇ ಬಂದ ಹಾಗಿತ್ತು. ಚೆಂಚಾ ಕಾಲುವೆಯ ಏರಿಯ ಮೇಲೆ ಕೂತು, ಎರಡೂ ಕಾಲನ್ನು ಒಳಕ್ಕೆ ಇಳಿಬಿಟ್ಟಿದ್ದಳು. ಪಾದ ನೀರನ್ನು ಮುಟ್ಟುತ್ತಿತ್ತು. ತಲೆ ತುಂಬ ಹೂವಿನ ಎಸಳು. ಒಬ್ದೂಲಿಯಾ ಅವಳನ್ನು ಕಂಕುಳಿಗೆ ಕೈಹಾಕಿ ಹಿಂದಕ್ಕೆಳೆದು, ತಾನೂ ಅಲ್ಲೇ ಕುಸಿದಳು.

"ಯಾಕಮ್ಮ ಬಂದೆ ಇಲ್ಲಿಗೆ?"

"ಟೀ ಬೇಕಿತ್ತು. ಕೂಗ್ತಾ ಹಿತ್ತಲಿಗೆ ಬಂದೆ. ನೀನು ಯಾರ ಜೊತೆಗೋ ಮಾತಾಡ್ತಾ ನಗ್ತಿದ್ದೆ. ನಡುವೆ ಹೋಗೋದು ಬೇಡ ಅಂತ ಸುಮ್ನೆ ಹೀಗೆ ನಡ್ಕೊಂಡು ಬಂದೆ." ಚೆಂಚಾ ಒದ್ದೆ ಪಾದಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು. "ನಿಕಾನೋರ್ ತಾನೆ?"

"ನಿನಗೆ ಗೊತ್ತಾ?"

"ನಿದ್ದೇಲಿ ಹೆಸರು ಹಿಡಿದು ಮಾತಾಡ್ತೀಯ. ಕಣ್ಣಿಲ್ಲ, ಕಿವಿ ಇದೆಯಲ್ಲ ನಂಗೆ. ನಾನೂ ಹೀಗೇ ಮಲಗ್ತಿದ್ದೆ, ಹತ್ತಿ ಬಿಡಿಸೋಕೆ ಹೋಗ್ತಿದ್ದ ಕಾಲದಲ್ಲಿ. ಚೆನ್ನಾಗಿರುತ್ತೆ ಆ ನಿದ್ದೆ. ಎದ್ದು ನೋಡಿದ್ರೆ ದೀಪಕ್ಕೆಲ್ಲ ಯಾರೋ ಬಳೆ ತೊಡಿಸಿದ ಹಾಗಿರ್ತಿತ್ತು."

ಒಬ್ದೂಲಿಯಾ ತಟ್ಟನೆ ತಾಯಿಯ ಕಡೆ ತಿರುಗಿದಳು. "ಅದು ಯಾವಾಗಮ್ಮ? ಸೂಜಿ ಶುರು ಮಾಡೋಕೆ ಮುಂಚೆಯಾ?"

"ಎಷ್ಟೋ ಮುಂಚೆ. ಸೂಜಿ ಬರೋ ಹೊತ್ತಿಗೆ ನಾನು ಮುಟ್ಟಿ ಮುಟ್ಟಿ ಅಡುಗೆ ಮಾಡ್ತಿದ್ದೆ. ನಿಮಗ್ಯಾರಿಗೂ ಗೊತ್ತಾಗ್ಲಿಲ್ಲ."

"ಮತ್ತೆ ಸೂಜಿಯಿಂದ ಕಣ್ಣು ಹೋಯ್ತು ಅಂತ ಇಷ್ಟು ವರ್ಷ ಹೇಳ್ಕೊಂಡು ಬಂದ್ಯಲ್ಲ."

"ಸೂಜಿ ಆದ್ಮೇಲೆ ಹೋಯ್ತು ಅಂದೆ. ಸೂಜಿಯಿಂದ ಹೋಯ್ತು ಅಂತ ಊರಿನವರು ಮಾಡ್ಕೊಂಡ್ರು. ನಾನೂ ಸುಮ್ಮನಾದೆ. ಬೈಯೋಕೆ ಏನೋ ಒಂದು ಸಿಕ್ತಲ್ಲ ಅಂತ."

ಒಬ್ದೂಲಿಯಾ ತಾಯಿಯ ತಲೆಯಿಂದ ಎಸಳುಗಳನ್ನು ಒಂದೊಂದಾಗಿ ಆಯ್ದಳು. ಕೆಲವು ಎಸಳಲ್ಲ, ನರೆಗೂದಲು ಎಂದು ಮುಟ್ಟಿದ ಮೇಲೆ ತಿಳಿಯಿತು.

ಆ ಸಂಜೆ ಅವಳು ಮರಿಸೇಲಾಳ ಎದುರು ಕೂತು ಎಲ್ಲವನ್ನೂ ಹೇಳಿದಳು. ಉಗುಳಿದ ಮಾತ್ರೆ, ಬನ್ನು, ಕೋಲಾ, ಕಾಲುವೆ. ಬೈಗುಳಕ್ಕೆ ಕಾದಳು. ಮರಿಸೇಲಾ ಬೈಯಲಿಲ್ಲ. "ಮಾವ ಚೆನ್ನಾಗಿದ್ದಾರಾ?" ಎಂದು ಕೇಳಿದಳು.

"ಚೆನ್ನಾಗಿದ್ದಾರೆ," ಎಂದಳು ಒಬ್ದೂಲಿಯಾ. "ಸೂಜಿ ಹೇಗೆ ಹಾಕೋದು ತೋರಿಸು."

ಮರಿಸೇಲಾ ಮರುದಿನವೇ ಡಾಕ್ಟರಮ್ಮನ ಹತ್ತಿರ ಕರೆದೊಯ್ದಳು. ಔಷಧಿ ಬಂದ ಮೇಲೆ ಒಂದು ಕಿತ್ತಳೆ ಹಣ್ಣು ತಂದಳು. ಅದರ ಸಿಪ್ಪೆ ಚರ್ಮದ ಹಾಗೆ, ಮೊದಲು ಅದಕ್ಕೆ ಚುಚ್ಚಿ ಕಲಿಯಬೇಕು. ಮೇಜಿನ ಸುತ್ತ ಎಲ್ಲರೂ ಸೇರಿದರು. ಒಬ್ದೂಲಿಯಾ ಚುಚ್ಚಿದಳು, ಇತ್ಸೆಲ್ ಚುಚ್ಚಿದಳು, ಚೆಂಚಾ ಕೂಡ ಕೈಚಾಚಿ ತಡವಿ ಚುಚ್ಚಿದಳು. ಎಲೆಯಾಸರ್ ಬಾಗಿಲಿಗೆ ಒರಗಿ, "ಹಣ್ಣು ಸತ್ತು ಹೋಯ್ತು, ಬಿಡಿ ಅದನ್ನ" ಎಂದ. ಬೆಳಿಗ್ಗೆ ಒಬ್ದೂಲಿಯಾ ಅಂಗಿ ಎತ್ತಿ, ಕಣ್ಣು ಮುಚ್ಚಿ, ತನ್ನ ಹೊಟ್ಟೆಗೆ ತಾನೇ ಸೂಜಿ ಹಾಕಿಕೊಂಡಳು. ಕಣ್ಣು ಬಿಟ್ಟು, "ಆಯ್ತಾ?" ಎಂದಳು. ಇರುವೆ ಕಚ್ಚಿದಷ್ಟೂ ಆಗಿರಲಿಲ್ಲ.

ಅಡುಗೆಮನೆ ಅವಳಿಗೆ ಮರಳಿ ಬಂತು. ಕೊಬ್ಬಿನ ಬದಲು ಈರುಳ್ಳಿ, ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹುರಿದು ಬೀನ್ಸಿಗೆ ಹಾಕಿದಳು. ಕಳ್ಳಿ ಎಲೆಯನ್ನು ತನ್ನಜ್ಜಿಯ ಹಾಗೆ ಕೆಂಡದ ಮೇಲೆ ಸುಟ್ಟಳು. ಮೈದಾ ಟೋರ್ಟಿಯಾ ಭಾನುವಾರಕ್ಕೆ ಮಾತ್ರ ಎಂದು ಮರಿಸೇಲಾಳ ಜೊತೆ ಚೌಕಾಸಿ ಮಾಡಿ ಒಪ್ಪಿಸಿದಳು. ಗುರುವಾರಗಳಂದು ಗ್ಯಾರೇಜಿಗೂ ಹೋದಳು, ಮಿಕ್ಕ ಸಂಜೆ ಅಲ್ಲಿನ ಹೆಂಗಸರ ಜೊತೆ ಕಾಲುವೆಯ ದಂಡೆಯ ಮೇಲೆ ನಡೆದಳು. ಎರ್ಲಿಂದಾ ತನ್ನ ಚೀಲದಲ್ಲಿ ಹಾಲಿನ ಮಿಠಾಯಿ ಬಚ್ಚಿಟ್ಟುಕೊಂಡು ಸಿಕ್ಕಿಬಿದ್ದ ದಿನ ಎಲ್ಲರಿಗಿಂತ ಜೋರಾಗಿ ನಕ್ಕವಳು ಅವಳೇ.

ಆದರೆ ನಿಕಾನೋರ್ ಬರುವುದು ನಿಂತಿತು. ಒಂದೇ ಸಲಕ್ಕಲ್ಲ. ಒಂದು ಮಧ್ಯಾಹ್ನ ಬಂದ, ಎರಡು ಮಧ್ಯಾಹ್ನ ಬರಲಿಲ್ಲ. ಮತ್ತೊಂದು ದಿನ ಬೇಲಿಯ ಹತ್ತಿರ ನಿಂತಂತಾಯಿತು, ಒಳಗೆ ಬರಲಿಲ್ಲ. ಆಮೇಲೆ ಯಾವಾಗಲೋ ನಿಂತೇ ಹೋಯಿತು. ಯಾವುದು ಕೊನೆಯ ದಿನವೆಂದು ತಿಳಿದಿದ್ದರೆ ಒಂದು ಮಾತಾದರೂ ಹೇಳುತ್ತಿದ್ದೆನಲ್ಲ ಎಂದು ಅವಳು ಗ್ಯಾರೇಜಿನಲ್ಲಿ ಅತ್ತಳು. ಔಸೆನ್ಸಿಯಾ ಅವಳ ಕೈ ಹಿಡಿದುಕೊಂಡು ಕೂತಳು.

ಬೇಸಿಗೆ ಬಲಿಯಿತು. ವಾರಗಳು ಕಳೆದಂತೆ ಒಬ್ದೂಲಿಯಾಳ ಕಣ್ಣಿನ ಮುಂದಿನ ಪರದೆ ತೆಳ್ಳಗಾಯಿತು. ಹಗ್ಗದ ಮೇಲಿನ ಬಟ್ಟೆಗಳಿಗೆ ಅಂಚು ಬಂತು. ಕಿಟಕಿಯ ಧೂಳು ಕಂಡಿತು. ಸೊಸೆಯ ಹಣೆಯ ಮೇಲೆ ನಾಲ್ಕಾರು ಬಿಳಿ ಕೂದಲು ಕಂಡವು. ಮಗನ ಮುಖವೂ ಕಂಡಿತು, ಅದು ಬತ್ತಿತ್ತು. ಕೆನ್ನೆ ಒಳಕ್ಕೆ ಹೋಗಿತ್ತು. ಕೆಲಸದಿಂದ ಬಂದವನು ನೀರಿನ ಜಗ್ಗನ್ನೇ ಎತ್ತಿ ಕುಡಿಯುತ್ತಿದ್ದ, ಮತ್ತೆ ತುಂಬಿಸುತ್ತಿದ್ದ.

"ಎಲೆಯಾಸರ್, ಕೈ ಕೊಡು. ನೋಡ್ಬಿಡೋಣ."

"ಬಿಸಿಲು ಅಮ್ಮ. ಚಾವಣಿ ಮೇಲೆ ನಿಂತು ನೋಡು, ನೀನೂ ಕುಡೀತೀಯ."

"ಬಿಸಿಲಲ್ಲಿ ನಿಮ್ಮಪ್ಪನೂ ದುಡಿದ್ರು. ಹೀಗೆ ಕುಡೀತಿರ್ಲಿಲ್ಲ."

"ಮನೇಲಿ ಒಬ್ಬರಿಗೆ ಬಂದ್ರೆ ಎಲ್ಲರನ್ನೂ ರೋಗಿ ಮಾಡ್ಬೇಕಾ? ಸಂಜೆ ಸಂಜೆ ಕಾಲುವೆ ದಂಡೆ ಮೇಲೆ ನಡೆಯೋದು, ಬೆರಳು ಚುಚ್ಕೊಳೋದು. ಕೆಲಸ ಇಲ್ಲದೋರು ಮಾಡೋದು ಅದು." ಅವನು ಎದ್ದು ಹೋದ. ಒಬ್ದೂಲಿಯಾ ಕರೆಯಲಿಲ್ಲ. ತನ್ನನ್ನು ಕರೆದವರ ಮುಂದಿನಿಂದ ತಾನೂ ಹೀಗೇ ಎದ್ದು ಹೋಗಿರಲಿಲ್ಲವೇ?

ಅವಳು ದಿನಾ ಬೆಳಿಗ್ಗೆ ಅವನು ಕಾಫಿ ಕುಡಿಯುವ ಹೊತ್ತಿಗೇ ಮೇಜಿನ ಇನ್ನೊಂದು ತುದಿಯಲ್ಲಿ ಕೂತು ತನ್ನ ಬೆರಳು ಚುಚ್ಚಿಕೊಂಡಳು. ಅವನಿಗೆ ಏನೂ ಹೇಳಲಿಲ್ಲ. ಒಂದು ಬೆಳಿಗ್ಗೆ ಮಿಕ್ಕವರೆಲ್ಲ ಹೊರಗಿದ್ದಾಗ ಅವನು ಕಾಫಿ ಲೋಟ ಸರಿಸಿ, ಎತ್ತಲೋ ನೋಡುತ್ತ, ಕೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟ. ಡಾಂಬರು ಮೆತ್ತಿದ ಕೈ. ಅವಳು ಒದ್ದೆ ಬಟ್ಟೆಯಿಂದ ಒಂದು ಬೆರಳನ್ನು ಚೆನ್ನಾಗಿ ಒರೆಸಿದಳು. ಅವನು ಸಣ್ಣವನಿದ್ದಾಗ ಮುಳ್ಳು ತೆಗೆಯುವಾಗ ಮಾಡುತ್ತಿದ್ದ ಹಾಗೆ ಮೊದಲು ಊದಿದಳು.

ಅಂಕಿ ಇರಬೇಕಾದ್ದಕ್ಕಿಂತ ಎಷ್ಟೋ ಮೇಲಿತ್ತು.

"ಮರಿಸೇಲಾಗೆ ಹೇಳ್ಬೇಡ," ಎಂದ.

"ನೀನೇ ಹೇಳು," ಎಂದಳು. ಸಂಜೆ ಅವನೇ ಹೇಳಿದ. ಶುಕ್ರವಾರ ಕೆಲಸಕ್ಕೆ ರಜೆ ಹಾಕಿ ಗಂಡಹೆಂಡತಿ ಆಸ್ಪತ್ರೆಗೆ ಹೋಗಿ ಬಂದರು. ಸದ್ಯಕ್ಕೆ ಮಾತ್ರೆ, ಊಟದ ಅಳತೆ ಎಂದರಂತೆ. ಕೋಲಾ ಕುಡಿಯಬಾರದು ಎಂದದ್ದಕ್ಕೆ ಅವನು ಮೂರು ದಿನ ಮುಖ ಊದಿಸಿಕೊಂಡಿದ್ದ.

ಆ ಭಾನುವಾರ ಬಿಸಿಲು ಇಳಿದ ಮೇಲೆ ಒಬ್ದೂಲಿಯಾ ತಾಯಿಯ ತೋಳು ಹಿಡಿದು ಕಾಲುವೆಯ ಏರಿಯ ಮೇಲೆ ಹೊರಟಳು. ಕಿತ್ತಳೆ ಮರಗಳಲ್ಲಿ ಹಸಿರು ಕಾಯಿ ಗೋಲಿಯಷ್ಟಾಗಿತ್ತು. ನೀರಿನ ಮೇಲೆ ಬೆಳಕು ಮೆಲ್ಲನೆ ತೇಲುತ್ತಿತ್ತು.

"ಏನು ಕಾಣುತ್ತೆ?" ಎಂದಳು ಚೆಂಚಾ.

"ಎಲೆ ಕಾಣುತ್ತೆ. ಒಂದೊಂದೇ ಬೇರೆ ಬೇರೆ. ಆಚೆ ದಡದಲ್ಲಿ ಆಮೆ ಇದೆ. ಕತ್ತು ಎತ್ಕೊಂಡು ಕೂತಿದೆ."

"ಆಮೇಲೆ?"

"ದೂರದಲ್ಲಿ ಔಸೆನ್ಸಿಯಾ, ಎರ್ಲಿಂದಾ ನಡೀತಿದಾರೆ. ಎರ್ಲಿಂದಾ ಏನೋ ಅಗೀತಿದಾಳೆ."

ಚೆಂಚಾ ನಕ್ಕಳು. ಒಂದಷ್ಟು ದೂರ ನಡೆದ ಮೇಲೆ ತಲೆ ಓರೆ ಮಾಡಿ ನಿಂತಳು. "ಹಿಂದೆ ಯಾರದು? ಬೂಟಿನ ಸದ್ದು."

ಒಬ್ದೂಲಿಯಾ ತಿರುಗಿ ನೋಡಿದಳು. ಬಹಳ ಹಿಂದೆ, ಎರಡೂ ಕೈಯನ್ನು ಜೇಬಿನಲ್ಲಿಟ್ಟುಕೊಂಡು, ತೋಟದ ಕಡೆಗೆ ಮುಖ ಮಾಡಿಕೊಂಡು ಒಬ್ಬ ಗಂಡಸು ಬರುತ್ತಿದ್ದ. ಅಷ್ಟು ದೂರದಿಂದಲೂ ಅವನ ಮುಖ ಅವಳಿಗೆ ಸ್ಪಷ್ಟವಾಗಿ ಕಂಡಿತು.

"ನಿನ್ನ ಮೊಮ್ಮಗ."

"ಏನು ಮಾಡ್ತಿದಾನೆ?"

"ನಮ್ಮ ಜೊತೆ ಬರ್ತಿಲ್ಲ ಅನ್ನೋ ಹಾಗೆ ಬರ್ತಿದಾನೆ."

ಚೆಂಚಾ ಮಗಳ ತೋಳನ್ನು ಸ್ವಲ್ಪ ಬಿಗಿಯಾಗಿ ಹಿಡಿದಳು.

"ಹಾಗಾದ್ರೆ ನಿಧಾನ ನಡಿ," ಎಂದಳು.